ಪರದೆಯಾಚೆಯಿಂದ ಪ್ರಶ್ನೆ ಬರುವ ದಾರಿ: ಮಹಾಮಾರಿಯ ಕಾಲದ ಪ್ರೌಢಶಾಲೆ

(ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

1937ರ ಸೆಪ್ಟೆಂಬರ್ ತಿಂಗಳು. ಅಮೆರಿಕದ ಶಿಕಾಗೋದಲ್ಲಿ ಪೋಲಿಯೊ ಹಬ್ಬಿತ್ತು. ಬೇಸಿಗೆ ರಜೆ ಮುಗಿದರೂ ಶಾಲೆ ತೆರೆಯುವ ಹಾಗಿರಲಿಲ್ಲ. ಅಲ್ಲಿನ ಶಿಕ್ಷಣಾಧಿಕಾರಿಗಳು ನಗರದ ರೇಡಿಯೊ ಕೇಂದ್ರಗಳನ್ನು ಕೇಳಿ ಒಂದಷ್ಟು ಸಮಯ ಪಡೆದುಕೊಂಡರು. ಮೂರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹದಿನೈದು ಹದಿನೈದು ನಿಮಿಷದ ಪಾಠ ಶುರುವಾಯಿತು. ಯಾವ ತರಗತಿಗೆ ಎಷ್ಟು ಗಂಟೆಗೆ ಪಾಠ, ಯಾವ ಕೇಂದ್ರ ಹಚ್ಚಬೇಕು, ಏನು ತಯಾರಿ ಮಾಡಿಕೊಂಡು ಕೂರಬೇಕು, ಎಲ್ಲವೂ ಬೆಳಗಿನ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಕೋವಿಡ್ ಕಾಲದಲ್ಲಿ ಪತ್ರಿಕೆಗಳು ಈ ಕಥೆಯನ್ನು ಮತ್ತೆ ಹೊರತೆಗೆದು ಬರೆದವು, ನಿಮ್ಮಲ್ಲಿ ಕೆಲವರು ಓದಿರಬಹುದು. ಆದರೆ ಅದರಲ್ಲಿ ಎಲ್ಲರೂ ದಾಟಿಕೊಂಡು ಹೋಗುವ ಒಂದು ವಿವರ ಇದೆ. ಶಿಕಾಗೋದವರು ರೇಡಿಯೊ ಪಾಠದ ಜೊತೆಗೆ ಕಚೇರಿಯಲ್ಲಿ ಟೆಲಿಫೋನುಗಳ ಮುಂದೆ ಶಿಕ್ಷಕರನ್ನೂ ಕೂರಿಸಿದ್ದರು. ಮೊದಲ ದಿನವೇ ಎಷ್ಟು ಕರೆಗಳು ಬಂದವೆಂದರೆ ಇನ್ನಷ್ಟು ಶಿಕ್ಷಕರನ್ನು ಸೇರಿಸಬೇಕಾಯಿತು.

ನನ್ನ ಮಟ್ಟಿಗೆ ಆ ಕಥೆಯಲ್ಲಿ ರೇಡಿಯೊಗಿಂತ ಟೆಲಿಫೋನ್ ದೊಡ್ಡದು. ಪಾಠವನ್ನು ಮನೆಗೆ ಮುಟ್ಟಿಸುವುದಕ್ಕೆ ಏನಾದರೂ ಒಂದು ಸಾಧನ ಸಿಕ್ಕೇ ಸಿಗುತ್ತದೆ. ರೇಡಿಯೊ, ಟಿವಿ, ಅಂಚೆ, ವೀಡಿಯೊ ಕರೆ, ಯಾವುದೂ ಆದೀತು. 'ಸಾರ್, ಮೂರನೇ ಸಾಲಿನಿಂದ ನನಗೆ ಏನೂ ತಿಳಿಯಲಿಲ್ಲ' ಅನ್ನುವ ಮಾತು ಮನೆಯಿಂದ ಶಿಕ್ಷಕರ ತನಕ ತಿರುಗಿ ಬರುವುದು ಹೇಗೆ? 2020, 2021ರಲ್ಲಿ ಪ್ರೌಢಶಾಲೆಗಳು ಆನ್‌ಲೈನ್‌ಗೆ ಹೊಂದಿಕೊಂಡವು ಅಂತ ನಾವು ಹೇಳುತ್ತೇವಲ್ಲ, ನಿಜವಾದ ಹೊಂದಾಣಿಕೆ ನಡೆದದ್ದು ಈ ವಾಪಸು ದಾರಿಯಲ್ಲಿ ಅಂತ ನನ್ನ ವಾದ. ಆ ದಾರಿ ಕಟ್ಟಿಕೊಂಡ ಶಾಲೆಗಳು ಹೇಗೋ ದಡ ಸೇರಿದವು. ಕಟ್ಟಿಕೊಳ್ಳದವು ಪಾಠವನ್ನು ಪ್ರಸಾರ ಮಾಡಿ ಸುಮ್ಮನಾದವು.

ಮೊದಲು ಆ ದಿನಗಳ ಗಾತ್ರವನ್ನು ನೆನಪಿಸಿಕೊಳ್ಳೋಣ. 2020ರ ಏಪ್ರಿಲ್ ಹೊತ್ತಿಗೆ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲೆ ಕಾಲೇಜುಗಳು ಮುಚ್ಚಿದ್ದವು. ಯುನೆಸ್ಕೊ ಲೆಕ್ಕದಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳು ಮನೆಯಲ್ಲಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಯ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ನೂರಕ್ಕೆ 43 ಮಂದಿಯ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಯುನಿಸೆಫ್ ಇನ್ನೊಂದು ಸಂಖ್ಯೆ ಕೊಟ್ಟಿತು. ಟಿವಿ, ರೇಡಿಯೊ ಸೇರಿಸಿಕೊಂಡರೂ ಯಾವ ಬಗೆಯ ದೂರಪಾಠವೂ ಮುಟ್ಟದ ಮಕ್ಕಳು ಕನಿಷ್ಠ 46.3 ಕೋಟಿ. ಹಾಗಾಗಿ ಆನ್‌ಲೈನ್ ಶಾಲೆಯ ಬಗ್ಗೆ ನಾನು ಈಗ ಹೇಳುವುದೆಲ್ಲ ಉಳಿದವರ ಕಥೆ. ಇದನ್ನು ಮರೆತು ಮಾತಾಡುವ ಭಾಷಣಗಳನ್ನು ನಾನು ಸಾಕಷ್ಟು ಕೇಳಿದ್ದೇನೆ.

ಕೆಲವು ದೇಶಗಳಲ್ಲಿ ಪಾಠ ಕಳಿಸುವ ದಾರಿ ಮುಂಚೆಯೇ ಇತ್ತು. ಎಸ್ಟೋನಿಯಾದಲ್ಲಿ ಅಂಕ, ಹಾಜರಿ, ಹೋಂವರ್ಕ್ ಎಲ್ಲವನ್ನೂ ಮನೆಯವರು ಆನ್‌ಲೈನ್‌ನಲ್ಲಿ ನೋಡುವ ವ್ಯವಸ್ಥೆ 2002ರಿಂದಲೇ ಬೆಳೆದು ಬಂದಿತ್ತು. ಉರುಗ್ವೆ 2007ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚುತ್ತಾ ಬಂದಿತ್ತು. ಸಿಯೆರಾ ಲಿಯೋನ್ ಬಡ ದೇಶವಾದರೂ, 2014ರಲ್ಲಿ ಎಬೋಲಾ ಬಂದಾಗ ರೇಡಿಯೊದಲ್ಲಿ ಪಾಠ ಮಾಡಿದ ಅನುಭವ ಅದರ ಕೈಯಲ್ಲಿತ್ತು, 2020ರಲ್ಲಿ ಅದನ್ನೇ ಮತ್ತೆ ಬಳಸಿತು. ಚೀನಾ 2020ರ ಫೆಬ್ರುವರಿ 17ರಂದೇ ರಾಷ್ಟ್ರಮಟ್ಟದ ಕಲಿಕಾ ಜಾಲತಾಣ ತೆರೆದು, ನೆಟ್‌ವರ್ಕ್ ಇಲ್ಲದ ಹಳ್ಳಿಗಳಿಗೆ ಟಿವಿ ವಾಹಿನಿಯಲ್ಲಿ ಪಾಠ ಕೊಟ್ಟಿತು. ಮೆಕ್ಸಿಕೊ ಆಗಸ್ಟ್ 24ರಿಂದ ಖಾಸಗಿ ಟಿವಿ ವಾಹಿನಿಗಳನ್ನೂ ಸೇರಿಸಿಕೊಂಡು ಇಡೀ ಶಾಲಾ ವರ್ಷವನ್ನೇ ಟಿವಿಯಲ್ಲಿ ಆರಂಭಿಸಿತು. ಇತ್ತ ಕೇರಳದಲ್ಲಿ ಜೂನ್ 1ಕ್ಕೆ ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್', ಕರ್ನಾಟಕದಲ್ಲಿ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಪಾಠ. ಎಲ್ಲ ಕಡೆಯೂ ಕಳಿಸುವ ದಾರಿ ಬೇಗ ಸಿದ್ಧವಾಯಿತು ನೋಡಿ. ಸರ್ಕಾರಗಳಿಗೆ ತಿಳಿದಿದ್ದ ಕೆಲಸ ಅದು.

ಇನ್ನು ಶಾಲೆಯೊಳಗೆ ಬರೋಣ. ಮೊದಲ ವಾರಗಳಲ್ಲಿ ಬಹುಪಾಲು ಪ್ರೌಢಶಾಲೆಗಳು ಮಾಡಿದ್ದು ಒಂದೇ ಕೆಲಸ: ಗೋಡೆಯ ಮೇಲಿದ್ದ ವೇಳಾಪಟ್ಟಿಯನ್ನು ಹಾಗೇ ತೆಗೆದು ಪರದೆಯ ಮೇಲೆ ಅಂಟಿಸಿದ್ದು. ಒಂಬತ್ತೂವರೆಗೆ ಗಣಿತ, ಹತ್ತೂಕಾಲಿಗೆ ವಿಜ್ಞಾನ, ಹನ್ನೊಂದಕ್ಕೆ ಇಂಗ್ಲಿಷ್. ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಕಣ್ಣು ಕೆಂಪು, ಶಿಕ್ಷಕರ ಗಂಟಲು ಬಂದ್. ವೀಡಿಯೊ ಕರೆ ಗಂಟೆಗೆ ಅರ್ಧ ಜಿಬಿಯಿಂದ ಒಂದು ಜಿಬಿಗೂ ಮೇಲೆ ಡೇಟಾ ತಿನ್ನಬಲ್ಲದು. ದಿನಕ್ಕೆ ಐದು ಪಿರಿಯಡ್ ಆದರೆ, ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಒಂದೇ ಫೋನ್ ಇದ್ದರೆ, ಅದು ವೇಳಾಪಟ್ಟಿಯೇ ಅಲ್ಲ, ಜಗಳದ ಪಟ್ಟಿ.

ಇಲ್ಲಿ ಪ್ರಾಥಮಿಕ ಶಾಲೆಗೂ ಪ್ರೌಢಶಾಲೆಗೂ ಇರುವ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಚಿಕ್ಕ ಮಕ್ಕಳಿಗೆ ಹೆಚ್ಚಿನ ಕಡೆ ಒಬ್ಬರೇ ಟೀಚರ್ ಇರುತ್ತಾರೆ. ಮಗು ಎಷ್ಟು ಹೊತ್ತು ಕೂತಿದೆ, ಎಷ್ಟು ಬರೆದಿದೆ ಅನ್ನುವುದು ಅವರೊಬ್ಬರಿಗೆ ಗೊತ್ತಿರುತ್ತದೆ. ಪ್ರೌಢಶಾಲೆಯಲ್ಲಿ ಆರೇಳು ವಿಷಯ, ಆರೇಳು ಶಿಕ್ಷಕರು. ಒಬ್ಬೊಬ್ಬರೂ 'ನಾನು ಕೊಟ್ಟದ್ದು ಅರ್ಧ ಗಂಟೆಯ ಕೆಲಸ' ಅಂದುಕೊಂಡು ಕೊಡುತ್ತಾರೆ. ಮಗುವಿನ ಪಾಲಿಗೆ ಅದು ಮೂರೂವರೆ ಗಂಟೆ. ಶಾಲೆ ನಡೆಯುವಾಗ ಈ ಹೊರೆಯನ್ನು ಸ್ಟಾಫ್ ರೂಮಿನ ಮಾತುಕತೆಯೇ ಸರಿದೂಗಿಸುತ್ತಿತ್ತು. 'ನಾಳೆ ನನ್ನದು ಟೆಸ್ಟ್ ಇದೆ, ನೀವು ಏನೂ ಕೊಡಬೇಡಿ ಮೇಡಂ' ಅಂತ ಒಂದು ಮಾತು ಸಾಕಿತ್ತು. ಸ್ಟಾಫ್ ರೂಮ್ ಇಲ್ಲವಾದಾಗ ಆ ಮಾತೂ ಇಲ್ಲವಾಯಿತು. ಚೆನ್ನಾಗಿ ಹೊಂದಿಕೊಂಡ ಶಾಲೆಗಳು ಮಾಡಿದ ಮೊದಲ ಬದಲಾವಣೆ ತಂತ್ರಜ್ಞಾನದ್ದಾಗಿರಲಿಲ್ಲ. ಎಲ್ಲ ವಿಷಯಗಳ ಹೋಂವರ್ಕ್ ಬರೆಯುವ ಒಂದೇ ಹಾಳೆ ಇಟ್ಟವು, ವಾರಕ್ಕೆ ಇಷ್ಟೇ ಗಂಟೆ ಅಂತ ಮಿತಿ ಹಾಕಿದವು. ನೇರ ವೀಡಿಯೊ ತರಗತಿಯನ್ನು ದಿನಕ್ಕೆ ಎರಡು ಮೂರಕ್ಕೆ ಇಳಿಸಿ, ಉಳಿದದ್ದನ್ನು ಮಗು ತನಗೆ ಫೋನ್ ಸಿಕ್ಕಾಗ ನೋಡಿಕೊಳ್ಳುವ ಪಾಠವಾಗಿ ಬಿಟ್ಟವು.

ಮುಖ್ಯವಾದ ತೊಡಕು ಆಮೇಲೆ ಕಂಡಿತು. ತರಗತಿಯಲ್ಲಿ ಪಾಠ ಮಾಡುವವರು ಬೋರ್ಡಿಗೆ ಬೆನ್ನು ತಿರುಗಿಸಿ ನಿಂತ ಕ್ಷಣದಲ್ಲೇ ಅರ್ಧ ಸಂಗತಿ ತಿಳಿದುಕೊಂಡುಬಿಡುತ್ತಾರೆ. ಯಾರ ಹುಬ್ಬು ಗಂಟಾಗಿದೆ, ಯಾರು ಪಕ್ಕದವನ ಪುಸ್ತಕ ನೋಡುತ್ತಿದ್ದಾನೆ, ಯಾರು ಕಿಟಕಿಯಾಚೆ ಹೋಗಿಬಿಟ್ಟಿದ್ದಾಳೆ. ಪರದೆಯ ಮೇಲೆ ಕಂಡದ್ದು ನಲವತ್ತು ಕಪ್ಪು ಚೌಕ, ಚೌಕದೊಳಗೆ ಹೆಸರು. 'ಅರ್ಥ ಆಯ್ತಾ?' ಅಂದರೆ ಮೌನ. ಒಂದಿಬ್ಬರು 'ಎಸ್ ಸಾರ್' ಅನ್ನುತ್ತಿದ್ದರು, ಅವರು ಶಾಲೆಯಲ್ಲೂ ಹಾಗೇ ಅನ್ನುತ್ತಿದ್ದವರು.

ಕ್ಯಾಮೆರಾ ವಿಚಾರಕ್ಕೆ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಕ್ಯಾಮೆರಾ ಹಾಕಲೇಬೇಕು ಅಂತ ಹಟ ಹಿಡಿದ ಶಾಲೆಗಳಿದ್ದವು. ಹಿಂದೆ ಕಾಣುವ ಮನೆಯನ್ನು ತೋರಿಸಲು ಇಷ್ಟವಿಲ್ಲದ ಮಗು ಇರುತ್ತದೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ತನ್ನ ಮುಖವನ್ನೇ ಗಂಟೆಗಟ್ಟಲೆ ನೋಡುತ್ತಾ ಕೂರುವುದು ಹಿಂಸೆ. ನೆಟ್‌ವರ್ಕ್ ತೆಳುವಾಗಿದ್ದ ಕಡೆ ಕ್ಯಾಮೆರಾ ಹಾಕಿದರೆ ಧ್ವನಿಯೂ ಹೋಗುತ್ತಿತ್ತು. ಮುಖ ಕಾಣಿಸಿದರೆ ಗಮನ ಇದೆ ಅಂತ ನಂಬುವುದು ನಮ್ಮ ಸಮಾಧಾನಕ್ಕೆ ಮಾತ್ರ. ಕ್ಯಾಮೆರಾ ಬೇಡ, ಕೈಬರಹ ತೋರಿಸು ಅಂದ ಶಿಕ್ಷಕರೇ ಜಾಣರು ಅನ್ನುವುದು ನನ್ನ ಅಭಿಪ್ರಾಯ.

ಕೈಬರಹ ಅಂದ ಕೂಡಲೇ ಒಂದು ಲೆಕ್ಕ ಎದುರಾಗುತ್ತದೆ. ಪ್ರೌಢಶಾಲೆಯ ಒಬ್ಬ ಗಣಿತ ಶಿಕ್ಷಕಿಗೆ 5 ಸೆಕ್ಷನ್ ಇದೆ ಅಂದುಕೊಳ್ಳಿ, ಸೆಕ್ಷನ್ನಿಗೆ 40 ಮಕ್ಕಳು. ಒಟ್ಟು 200. ಒಬ್ಬೊಬ್ಬರು ಹೋಂವರ್ಕಿನ ಮೂರು ಪುಟ ಫೋಟೊ ತೆಗೆದು ಕಳಿಸಿದರೆ 600 ಚಿತ್ರ. ಕೆಲವು ಅಡ್ಡ, ಕೆಲವು ತಲೆಕೆಳಗು, ಕೆಲವು ನೆರಳು ಬಿದ್ದವು. ಒಂದಕ್ಕೆ ಒಂದೇ ನಿಮಿಷ ಕೊಟ್ಟರೂ ಹತ್ತು ಗಂಟೆ. ಇದು ಒಂದು ದಿನದ ಹೋಂವರ್ಕ್! ಹಲವು ಶಿಕ್ಷಕರು ಮೊದಲ ತಿಂಗಳು ಇದನ್ನು ಮಾಡಿಯೂ ನೋಡಿದರು, ರಾತ್ರಿ ಹನ್ನೆರಡರವರೆಗೆ ಕೂತು. ಆಮೇಲೆ ಫೋನಿನ ಮೆಮೊರಿ ತುಂಬಿತು, ಅವರ ತಾಳ್ಮೆಯೂ.

ಜಾಣ್ಮೆ ಹುಟ್ಟಿದ್ದು ಇಲ್ಲಿ. ಹತ್ತು ಲೆಕ್ಕ ಕೊಡಿ, ಆದರೆ ಒಂದನ್ನು ಮಾತ್ರ ಕಳಿಸಲು ಹೇಳಿ. ಯಾವುದು ಅಂತ ಕೊನೆಯಲ್ಲಿ ಹೇಳಿ. ಅದೂ ಎಲ್ಲಿ ತಪ್ಪುತ್ತಾರೆ ಅಂತ ನಿಮಗೆ ಗೊತ್ತಿರುವ ಲೆಕ್ಕವೇ ಆಗಲಿ. (ಎ + ಬಿ)² ಬಿಡಿಸಲು ಹೇಳಿದರೆ ಎ² + ಬಿ² ಅಂತ ಬರೆಯುವವರು ಎಷ್ಟು ಮಂದಿ, 2ಎಬಿ ಸೇರಿಸುವವರು ಎಷ್ಟು ಮಂದಿ ಅಂತ ತಿಳಿದರೆ ನಾಳಿನ ಪಾಠ ಎಲ್ಲಿಂದ ಶುರುವಾಗಬೇಕು ಅನ್ನುವುದು ತಿಳಿದಂತೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ಆ ದಿನ ಕಂಡ ಮೂರು ನಾಲ್ಕು ಬಗೆಯ ತಪ್ಪುಗಳನ್ನು ಒಂದು ಹಾಳೆಯಲ್ಲಿ ಬರೆದು, ಹೆಸರು ಹಾಕದೆ, ಎಲ್ಲರಿಗೂ ಕಳಿಸಿದರು. ಬರೆಯುವುದು ದೀರ್ಘವಾಗುತ್ತದೆ ಅನ್ನಿಸಿದವರು ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರು. ಕೆಂಪು ಶಾಯಿಯ ಅಡ್ಡಗೆರೆಗಿಂತ ಟೀಚರ್ ತನ್ನ ಹೆಸರು ಹಿಡಿದು ಮಾತಾಡಿದ ಅರ್ಧ ನಿಮಿಷವನ್ನು ಮಗು ಎರಡು ಸಲ ಕೇಳುತ್ತದೆ.

ತರಗತಿ ನಡೆಯುವಾಗಲೇ ಮಾಡುವ ಒಂದು ಉಪಾಯವನ್ನು ನಿಮಗೆ ಹೇಳಲೇಬೇಕು, ಏಕೆಂದರೆ ಅದು ಸರಳ, ದುಡ್ಡಿನ ಖರ್ಚಿಲ್ಲ. ಪ್ರಶ್ನೆ ಕೇಳಿ. ಎಲ್ಲರೂ ಚಾಟ್‌ನಲ್ಲಿ ಉತ್ತರ ಬರೆಯಲಿ, ಆದರೆ ಯಾರೂ ಕಳಿಸಬಾರದು. ಒಂದು ನಿಮಿಷ ಕಾಯಿರಿ. 'ಈಗ ಕಳಿಸಿ' ಅಂದಾಗ ಎಲ್ಲ ಉತ್ತರಗಳೂ ಒಟ್ಟಿಗೆ ಸುರಿಯುತ್ತವೆ. ಮುಂಚೆ ಬರೆದ ಚುರುಕಿನವರ ಉತ್ತರ ನೋಡಿ ನಕಲು ಮಾಡಲು ಸಮಯವೇ ಇಲ್ಲ. ನಲವತ್ತು ಮಂದಿಯ ಯೋಚನೆ ಒಂದೇ ಪರದೆಯಲ್ಲಿ. ನಿಜವಾದ ತರಗತಿಯಲ್ಲೂ ಇದು ಸಿಗುವುದಿಲ್ಲ, ಅಲ್ಲಿ ಕೈ ಎತ್ತಿದವರ ಉತ್ತರ ಮಾತ್ರ ಕೇಳಿಸುತ್ತದೆ. ಹಾಗೆಯೇ ಶಿಕ್ಷಕರಿಗೆ ಮಾತ್ರ ಕಾಣುವ ಖಾಸಗಿ ಚಾಟ್. ವರ್ಷವಿಡೀ ಒಂದು ಪ್ರಶ್ನೆ ಕೇಳದ ಹಿಂದಿನ ಬೆಂಚಿನ ಮಕ್ಕಳು ಅಲ್ಲಿ ಬಂದು ಕೇಳಿದರು ಅಂತ ಎಷ್ಟೋ ಶಿಕ್ಷಕರು ಹೇಳುತ್ತಾರೆ.

ವಿಜ್ಞಾನದವರ ಪಾಡು ಬೇರೆ. ಪ್ರಯೋಗಾಲಯವನ್ನು ಮನೆಗೆ ಕಳಿಸುವುದು ಹೇಗೆ? ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ 'ಫೆಟ್' ಎಂಬ ಉಚಿತ ಅಣಕು ಪ್ರಯೋಗಗಳು ಆಗ ಬಹಳ ಕಡೆ ಕೈಹಿಡಿದವು. ವಿದ್ಯುತ್ ಮಂಡಲ ಜೋಡಿಸಬಹುದು, ಬಲ್ಬ್ ಹೊತ್ತಿಸಬಹುದು, ತಪ್ಪು ಜೋಡಿಸಿದರೆ ಏನಾಗುತ್ತದೆ ಅಂತ ಅಪಾಯವಿಲ್ಲದೆ ನೋಡಬಹುದು. ಆದರೂ ನನಗೆ ಹೆಚ್ಚು ಹಿಡಿಸುವುದು ಲೋಲಕದ ಪ್ರಯೋಗ. ಒಂದು ಮೀಟರ್ ದಾರ, ತುದಿಗೆ ಒಂದು ಭಾರ. ಹೋಗಿ ಬರುವ ಒಂದು ಪೂರ್ಣ ಆಂದೋಲನಕ್ಕೆ ಸುಮಾರು 2 ಸೆಕೆಂಡ್ ಬೇಕು. ಒಂದನ್ನೇ ಅಳೆಯಲು ಹೋದರೆ ಕೈ ತಪ್ಪುತ್ತದೆ, 20 ಆಂದೋಲನ ಎಣಿಸಿ 40 ಸೆಕೆಂಡಿನ ಹತ್ತಿರ ಬರುತ್ತದೋ ನೋಡಿ, ಭಾಗಿಸಿ. ಅದರಿಂದ ಗುರುತ್ವ ವೇಗೋತ್ಕರ್ಷ ಲೆಕ್ಕ ಹಾಕಿದರೆ 9.8ರ ಆಸುಪಾಸು ಸಿಗುತ್ತದೆ. ಶಾಲೆಯಲ್ಲಿ ನಾಲ್ಕು ಲೋಲಕಕ್ಕೆ ನಲವತ್ತು ಮಕ್ಕಳು, ಮೂವತ್ತು ಮಂದಿ ನೋಡುವವರು. ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಲೋಲಕ. ಎಲ್ಲರ ಅಳತೆಗಳನ್ನೂ ಒಂದೇ ಹಾಳೆಯಲ್ಲಿ ಹಾಕಿದಾಗ ಒಬ್ಬನಿಗೆ 9.2, ಒಬ್ಬಳಿಗೆ 10.4. ಏಕೆ? ಭಾರದ ಮಧ್ಯದವರೆಗೆ ಅಳೆದಿರೋ, ಗಂಟಿನವರೆಗೋ? ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಿದಿರೋ, ಒಂದರಿಂದಲೋ? ಪ್ರಯೋಗದ ದೋಷ ಅನ್ನುವ ಪಾಠ ಪುಸ್ತಕದಲ್ಲಿ ಇದ್ದೇ ಇತ್ತು, ಅದರ ಮೇಲೆ ಜಗಳವಾಡಲು ಮಕ್ಕಳಿಗೆ ಅವಕಾಶ ಸಿಕ್ಕಿದ್ದು ಆಗ.

ಇಂಟರ್ನೆಟ್ ಇಲ್ಲದ ಕಡೆಯೂ ವಾಪಸು ದಾರಿ ಕಟ್ಟಿದವರಿದ್ದಾರೆ. ಬೋಟ್ಸ್ವಾನಾದಲ್ಲಿ ಸುಮಾರು 4,500 ಕುಟುಂಬಗಳ ಜೊತೆ ಒಂದು ಅಧ್ಯಯನ ನಡೆಯಿತು, ಪ್ರಾಥಮಿಕ ಮಕ್ಕಳ ಗಣಿತದ ಬಗ್ಗೆ. ಒಂದು ಗುಂಪಿಗೆ ವಾರಕ್ಕೊಮ್ಮೆ ಎಸ್‌ಎಂಎಸ್‌ನಲ್ಲಿ ಲೆಕ್ಕ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ಎಸ್‌ಎಂಎಸ್ ಜೊತೆಗೆ ಒಂದು ಚಿಕ್ಕ ಫೋನ್ ಕರೆ. ಕಲಿಕೆ ಸ್ಪಷ್ಟವಾಗಿ ಏರಿದ್ದು ಕರೆ ಹೋದ ಮನೆಗಳಲ್ಲಿ, ಬರೀ ಎಸ್‌ಎಂಎಸ್ ಹೋದ ಕಡೆ ಅಷ್ಟಿಲ್ಲ. ಸ್ಮಾರ್ಟ್‌ಫೋನ್ ಬೇಕಿಲ್ಲ, ಡೇಟಾ ಬೇಕಿಲ್ಲ, ಇಪ್ಪತ್ತು ನಿಮಿಷ ಒಬ್ಬರು ಮಗುವಿನ ಜೊತೆ ಮಾತಾಡಬೇಕು. ಕರ್ನಾಟಕದ ವಿದ್ಯಾಗಮವೂ ಇದೇ ಜಾತಿಯದು. ಟಿವಿ ಪಾಠ ಸಾಲದು ಅಂತ 2020ರ ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೊರಟರು. ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ಅದನ್ನು ನಿಲ್ಲಿಸಬೇಕಾಯಿತು, 2021ರ ಜನವರಿಯಲ್ಲಿ ಶಾಲೆಯ ಅಂಗಳದಲ್ಲೇ ಮತ್ತೆ ಶುರುವಾಯಿತು. ಅದರ ಅಪಾಯದ ಬಗ್ಗೆ ಆಗ ಎದ್ದ ಪ್ರಶ್ನೆಗಳು ನ್ಯಾಯವಾದವೇ. ಆದರೂ ಮಗುವಿನ ನೋಟ್‌ಬುಕ್ಕನ್ನು ಶಿಕ್ಷಕರ ಕಣ್ಣೆದುರು ತಂದ ಯೋಜನೆ ಅದು. ಟಿವಿಗೆ ಆಗದ ಕೆಲಸ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಪ್ರೌಢಶಾಲೆ ತಪ್ಪಿಸಿಕೊಳ್ಳಲಾಗದ ಜಾಗ ಅದು. ಇಂಗ್ಲೆಂಡ್‌ನಲ್ಲಿ 2020ರ ಪರೀಕ್ಷೆ ರದ್ದಾಗಿ, ಶಿಕ್ಷಕರು ಅಂದಾಜು ಗ್ರೇಡ್ ಕೊಟ್ಟರು. ಅದನ್ನು ಸರಿಪಡಿಸಲು ಒಂದು ಗಣಿತ ಸೂತ್ರ ಬಂತು. ಆ ಸೂತ್ರ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶಕ್ಕೆ ತೂಕ ಕೊಡುತ್ತಿತ್ತು. ಆಗಸ್ಟ್ 13ರಂದು ಎ-ಲೆವೆಲ್ (ಅಲ್ಲಿನ ಶಾಲೆಯ ಕೊನೆಯ ಹಂತದ ಪರೀಕ್ಷೆ) ಫಲಿತಾಂಶ ಬಂದಾಗ, ಶಿಕ್ಷಕರು ಕೊಟ್ಟ ಗ್ರೇಡುಗಳಲ್ಲಿ ನೂರಕ್ಕೆ ಸುಮಾರು 40 ಇಳಿದಿದ್ದವು. ಹಿಂದೆ ಸಾಧಾರಣ ಫಲಿತಾಂಶ ಬರುತ್ತಿದ್ದ ಶಾಲೆಯಲ್ಲಿ ಓದಿದ ಜಾಣ ಹುಡುಗಿಗೆ, ತಾನು ನೋಡಿಯೇ ಇರದ ಹಳೆಯ ವಿದ್ಯಾರ್ಥಿಗಳ ಅಂಕದ ಶಿಕ್ಷೆ! ತೀರಾ ಕಡಿಮೆ ಮಕ್ಕಳಿದ್ದ ತರಗತಿಗಳಿಗೆ ಮಾತ್ರ ಶಿಕ್ಷಕರ ಗ್ರೇಡೇ ಉಳಿಯುತ್ತಿತ್ತು, ಅಂಥವು ಹೆಚ್ಚಾಗಿ ಇದ್ದದ್ದು ಖಾಸಗಿ ಶಾಲೆಗಳಲ್ಲಿ. ಮಕ್ಕಳು ಬೀದಿಗೆ ಬಂದರು, 17ರಂದು ಸರ್ಕಾರ ಸೂತ್ರವನ್ನು ಕೈಬಿಟ್ಟಿತು. ನಮ್ಮಲ್ಲಿ ಸಿಬಿಎಸ್‌ಇ 2021ರ ಹನ್ನೆರಡನೇ ತರಗತಿಗೆ 10, 11, 12ರ ಅಂಕಗಳನ್ನು 30:30:40 ಅಂತ ಕೂಡಿಸಿತು. ಕರ್ನಾಟಕ ಎಸ್ಸೆಸ್ಸೆಲ್ಸಿಯನ್ನು 2020ರಲ್ಲಿ ಪೂರ್ತಿಯಾಗಿಯೇ ನಡೆಸಿತು, 2021ರಲ್ಲಿ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಬಹು ಆಯ್ಕೆಯ ಪ್ರಶ್ನೆಗಳಿಂದ ಮುಗಿಸಿತು.

ಶಾಲೆಯ ಒಳಗಿನ ಚಿಕ್ಕ ಟೆಸ್ಟುಗಳಲ್ಲಿ ಮಾತ್ರ ಒಳ್ಳೆಯದೊಂದು ನಡೆಯಿತು. ಫೋಟೊ ತೆಗೆದರೆ ಉತ್ತರ ಕೊಡುವ ಆ್ಯಪ್‌ಗಳು ಬಂದ ಮೇಲೆ 'ಉತ್ತರ ಕಂಡುಹಿಡಿ' ಅನ್ನುವ ಪ್ರಶ್ನೆಗೆ ಬೆಲೆ ಉಳಿಯಲಿಲ್ಲ. 'ಇಲ್ಲಿ ಒಬ್ಬರು ಬಿಡಿಸಿದ ಲೆಕ್ಕ ಇದೆ, ತಪ್ಪು ಯಾವ ಸಾಲಿನಲ್ಲಿದೆ, ಏಕೆ?' ಅಂತ ಕೇಳತೊಡಗಿದರು. ಕೆಲವರು ಐದು ನಿಮಿಷ ಬಾಯಿಮಾತಿನಲ್ಲೇ ಕೇಳಿದರು. ಕಾವಲು ಕಾಯುವ ಸಾಫ್ಟ್‌ವೇರ್ ಕೊಂಡ ಶಾಲೆಗಳಿಗಿಂತ ಪ್ರಶ್ನೆ ಬದಲಿಸಿದ ಶಾಲೆಗಳು ಹೆಚ್ಚು ಕಲಿತವು ಅನ್ನುತ್ತೇನೆ.

ಇದೆಲ್ಲದರ ಫಲ ಏನು? ಶ್ರೀಮಂತ ದೇಶಗಳೇ ಹೆಚ್ಚಾಗಿರುವ ಒಇಸಿಡಿ ಎಂಬ ಒಕ್ಕೂಟ ನಾನಾ ದೇಶಗಳಲ್ಲಿ ನಡೆಸುವ ಪೀಸಾ ಪರೀಕ್ಷೆಯನ್ನು 2022ರಲ್ಲಿ 81 ದೇಶ ಮತ್ತು ಪ್ರದೇಶಗಳ ಸುಮಾರು 6.9 ಲಕ್ಷ ವಿದ್ಯಾರ್ಥಿಗಳು ಬರೆದರು, ಎಲ್ಲರೂ ಹದಿನೈದರ ಹರೆಯದವರು. ಒಇಸಿಡಿ ದೇಶಗಳ ಸರಾಸರಿ 2018ಕ್ಕೆ ಹೋಲಿಸಿದರೆ ಗಣಿತದಲ್ಲಿ ಸುಮಾರು 15 ಅಂಕ, ಓದಿನಲ್ಲಿ 10 ಅಂಕ ಕುಸಿಯಿತು. ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟಲಾಗದು, ಕೆಲವು ದೇಶಗಳು ಮುಂಚಿನಿಂದಲೇ ಇಳಿಯುತ್ತಿದ್ದವು. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಬೇಕಾದಾಗ ಶಿಕ್ಷಕರ ನೆರವು ಸಿಗುತ್ತಿತ್ತು ಅಂತ ಮಕ್ಕಳು ಹೇಳಿದ ಕಡೆ ಗಣಿತದ ಅಂಕ ಸರಾಸರಿ 15 ಹೆಚ್ಚಿತ್ತು. ಇದು ಕಾರಣವೋ ಬರೀ ಜೊತೆಗಿರುವ ಸಂಗತಿಯೋ ಅಂತ ವಾದಿಸಬಹುದು, ನಾನು ಯಾವ ಕಡೆ ಇದ್ದೇನೆ ಅಂತ ನಿಮಗೆ ಗೊತ್ತಾಗಿರಬೇಕು.

ಅರ್ಧ ಮಕ್ಕಳು ತರಗತಿಯಲ್ಲಿ, ಅರ್ಧ ಮಕ್ಕಳು ಮನೆಯಲ್ಲಿ, ಇಬ್ಬರಿಗೂ ಒಟ್ಟಿಗೆ ಪಾಠ ಅನ್ನುವ ಪ್ರಯೋಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಡಿದವರನ್ನು ಕೇಳಿ. ಬೋರ್ಡ್ ಕಡೆ ತಿರುಗಿದರೆ ಮನೆಯವರಿಗೆ ಕೇಳದು, ಲ್ಯಾಪ್‌ಟಾಪ್ ಕಡೆ ಬಗ್ಗಿದರೆ ಎದುರಿಗಿದ್ದವರು ಗದ್ದಲ.

ಮುಂದೆಯೂ ಶಾಲೆ ಮುಚ್ಚುತ್ತದೆ, ಸೋಂಕೇ ಬೇಕಿಲ್ಲ. 2024ರ ಫೆಬ್ರುವರಿ 13ರಂದು ನ್ಯೂಯಾರ್ಕ್ ನಗರ ಹಿಮಪಾತಕ್ಕೆ ಹೆದರಿ ಶಾಲೆಗಳನ್ನು ಆನ್‌ಲೈನ್‌ಗೆ ಹಾಕಿತು, ಬೆಳಗ್ಗೆಯೇ ಲಾಗಿನ್ ಆಗದೆ ಮಕ್ಕಳು ಶಿಕ್ಷಕರು ಪರದಾಡಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸ್ ಬಿಸಿಲಿಗೆ ಸರ್ಕಾರಿ ಶಾಲೆಗಳ ಮುಖಾಮುಖಿ ತರಗತಿ ನಿಲ್ಲಿಸಿತು. ನವೆಂಬರ್‌ನಲ್ಲಿ ದೆಹಲಿ ಹೊಗೆಗೆ.

ಇದಕ್ಕೆ ತಯಾರಿ ಅಂದರೆ ಎಲ್ಲರೂ ಉಪಕರಣದ ಪಟ್ಟಿ ತೆಗೆಯುತ್ತಾರೆ. ನಾನು ಶಿಕ್ಷಕರಿಗೆ ಹೇಳುವುದು ಬೇರೆ: ಯಾವ ಪಾಠ ಬಿಡಬಹುದು ಅನ್ನುವುದನ್ನು ಈಗಲೇ ಕೂತು ಬರೆದಿಟ್ಟುಕೊಳ್ಳಿ. 2020ರ ಜುಲೈನಲ್ಲಿ ಸಿಬಿಎಸ್‌ಇ 9ರಿಂದ 12ರವರೆಗೆ ಪಠ್ಯವನ್ನು ಶೇಕಡಾ 30ರವರೆಗೆ ಕಡಿತ ಮಾಡಿತು. ಹನ್ನೊಂದನೇ ತರಗತಿಯ ರಾಜ್ಯಶಾಸ್ತ್ರದಲ್ಲಿ ಒಕ್ಕೂಟ ವ್ಯವಸ್ಥೆ, ಪೌರತ್ವ, ಜಾತ್ಯತೀತತೆಯ ಪಾಠಗಳೇ ಆ ವರ್ಷಕ್ಕೆ ಹೊರಗೆ ಹೋದಾಗ ದೊಡ್ಡ ಗಲಾಟೆ ಆಯಿತು. ಗಣಿತದಲ್ಲಿ ಗಲಾಟೆ ಆಗುವುದಿಲ್ಲ, ಆದರೆ ಏಟು ಬೀಳುತ್ತದೆ. ಸಮರೂಪ ತ್ರಿಭುಜ ಬಿಟ್ಟರೆ ತ್ರಿಕೋನಮಿತಿ ಬಾಯಿಪಾಠವಾಗುತ್ತದೆ. ಅಪವರ್ತನ ಬಿಟ್ಟು ವರ್ಗ ಸಮೀಕರಣಕ್ಕೆ ಹಾರಿದರೆ ಸೂತ್ರವೊಂದೇ ಗತಿ. ಸಂಖ್ಯಾಶಾಸ್ತ್ರದ ನಕ್ಷೆಗಳನ್ನು ಮುಂದೂಡಿದರೆ ಅಂಥ ನಷ್ಟವಿಲ್ಲ, ಅದನ್ನು ಮಗು ಮನೆಯಲ್ಲೇ ಮಾಡಿಕೊಳ್ಳಬಲ್ಲದು. ಯಾವುದರ ಮೇಲೆ ಯಾವುದು ನಿಂತಿದೆ ಅನ್ನುವುದು ಆ ವಿಷಯ ಕಲಿಸುವವರಿಗೇ ಗೊತ್ತು. ಮೇಲಿನಿಂದ ಸುತ್ತೋಲೆ ಬರುವ ಮುಂಚೆ, ಒಂದೊಂದು ವಿಷಯಕ್ಕೂ ಒಂದು ಪುಟದಲ್ಲಿ ಇದನ್ನು ಬರೆದು ಶಾಲೆಯಲ್ಲಿ ಇಟ್ಟಿರಿ.